ಹತ್ತು ಲಕ್ಷಕ್ಕೆ ಎಂಬತ್ತೊಂದು ಕಮ್ಮಿ

ಲಟಕ್, ಟಕ್. ಲಟಕ್, ಟಕ್. ನಡುವೆ ಗೋಡೆಯಾಚೆಯಿಂದ ಒಂದು ಹೆಂಗಸಿನ ದನಿ: "ಒಕಟಿ... ರೆಂಡು... ಮೂಡು... ಎಳೆ ತಪ್ಪೈತೆ ಕಣೇ, ಬಿಚ್ಚು." ಆಮೇಲೆ ಹುಡುಗಿಯರ ಕಿಸಿಕಿಸಿ ನಗು. ಮತ್ತೆ ಲಟಕ್, ಟಕ್.

ಗೋಡೆಯ ಈಚೆ ನಾನು ಕಪ್ಪುಹಲಗೆಯ ಮೇಲೆ ವರ್ಗಮೂಲ ತೆಗೆಯುತ್ತಿದ್ದೆ. ಮೊಳಕಾಲ್ಮೂರಿನ ಆ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತದ ತರಗತಿಗೂ ನೇಯ್ಗೆಯ ಕೋಣೆಗೂ ಒಂದೇ ಗೋಡೆ. ಯಾವ ಪುಣ್ಯಾತ್ಮ ಪ್ಲಾನ್ ಹಾಕಿದ್ದನೋ. ನಾನು "ಲೆಟ್ ಎಕ್ಸ್ ಬಿ..." ಎಂದರೆ ಆಚೆಯಿಂದ "ಟಕ್". ನನ್ನ ಎಕ್ಸ್ ಅಲ್ಲಿಗೇ ಸಾಯುತ್ತಿತ್ತು.

ಗಣಿತದ ಮೇಡಂ ಆಗಿ ಹೊಸದಾಗಿ ಸೇರಿಕೊಳ್ಳುತ್ತಿರುವ ಹುಡುಗಿಯರು ಆಗಾಗ ನನ್ನ ಬಳಿ ಬರುತ್ತಾರೆ. "ಮಿಸ್, ನಿಮ್ಮ ಎಕ್ಸ್‌ಪೀರಿಯನ್ಸ್ ಶೇರ್ ಮಾಡಿ" ಎನ್ನುತ್ತಾರೆ. ನನಗೆ ಯಾವಾಗ ಯಾವ ಬಡ್ತಿ ಬಂತು, ಬಿಳಿ ಶಾಲು ಎಷ್ಟು ಬಂದವು ಎಂಬುದನ್ನು ಬೀಳ್ಕೊಡುಗೆಯ ದಿನ ಹತ್ತು ಜನ ಓದಿ ಮುಗಿಸಿದ್ದಾರೆ. ಶಾಲುಗಳು ಬೀರುವಿನಲ್ಲಿವೆ, ನುಸಿಗುಳಿಗೆಯ ಜೊತೆ ಸುಖವಾಗಿವೆ. ನಾನು ಹೇಳಬೇಕಾದದ್ದು ಒಂದೇ ಒಂದು ಸಂಖ್ಯೆಯ ಕಥೆ. ಆ ಸಂಖ್ಯೆ 9,99,919. ನಲವತ್ತರ ಹತ್ತಿರ ಹತ್ತಿರ ವರ್ಷ ಗಣಿತ ಹೇಳಿಕೊಟ್ಟು ಕೊನೆಗೆ ಉಳಿದದ್ದು ಇದೊಂದೇ, ವಾಟ್ ಎ ಕರಿಯರ್.

ಮೊದಲು ಚಳ್ಳಕೆರೆಯ ಮಾತು, ಯಾಕೆಂದರೆ ರೋಗ ಹತ್ತಿದ್ದು ಅಲ್ಲಿ. ನಾನು ಓದಿದ್ದು ಕಾನ್ವೆಂಟಿನಲ್ಲಿ. ನಮ್ಮ ಸಿಸ್ಟರ್ ಆಗ್ನೆಸ್ ಅವಿಭಾಜ್ಯ ಸಂಖ್ಯೆಗಳನ್ನು ಪಾಠ ಮಾಡಿದ್ದು ಪ್ರಾರ್ಥನೆ ಮಾಡುವವರ ಹಾಗೆ ಕಣ್ಣು ಅರೆ ಮುಚ್ಚಿ. "ಮೈ ಚೈಲ್ಡ್, ಎ ಪ್ರೈಮ್ ಬೆಂಡ್ಸ್ ಟು ನೋಬಡಿ" ಎನ್ನುತ್ತಿದ್ದರು. ಒಂದು ಮತ್ತು ತಾನು, ಇವೆರಡನ್ನು ಬಿಟ್ಟರೆ ಯಾರಿಂದಲೂ ಭಾಗವಾಗದ ಸಂಖ್ಯೆ. ನಾನೂ ಹಾಗೇ ಬಾಳುವವಳು ಅಂದುಕೊಂಡು ಮೊದಲ ಕೆಲಸಕ್ಕೆ ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ಇಳಿದೆ. ಗಾಳಿಯಲ್ಲಿ ಕಡಲೆಕಾಯಿ ಹಿಂಡಿಯ ವಾಸನೆ. ಎಣ್ಣೆ ಮಿಲ್ಲಿನ ಪಕ್ಕದ ಶಾಲೆ. ಸೇಬುಗಳ ಚಿತ್ರವಿದ್ದ ನನ್ನ ಚಾರ್ಟು ನೋಡಿ ಮಕ್ಕಳು ಮುಖ ಮುಖ ನೋಡಿಕೊಂಡರು. ಸರಿ, ಸೇಬು ಬೇಡ ಎಂದು ಕಡಲೆಬೀಜ ತರಿಸಿದೆ.

"ಹನ್ನೆರಡು ಬೀಜ ಇದೆ. ಸಾಲು ಸಾಲಾಗಿ, ಯಾವ ಸಾಲೂ ಹೆಚ್ಚುಕಮ್ಮಿ ಆಗದ ಹಾಗೆ ಜೋಡಿಸಿ." ಮೂರು ನಾಲ್ಕಲೆ ಜೋಡಿಸಿದರು. ಎರಡು ಆರಲೆ ಜೋಡಿಸಿದರು. "ಈಗ ಹದಿಮೂರು ಜೋಡಿಸಿ." ಜೋಡಿಸಿದರು, ಕೆಡವಿದರು, ಮತ್ತೆ ಜೋಡಿಸಿದರು. ಒಂದು ಬೀಜ ಯಾವಾಗಲೂ ಹೊರಗೇ ನಿಂತಿತು. ನಾನು ಸಿಸ್ಟರ್ ಆಗ್ನೆಸ್ ಹಾಗೆ ಅರೆಗಣ್ಣು ಮುಚ್ಚಿ, "ಈಗ ಏನು ಮಾಡೋಣ?" ಎಂದೆ. ಹಿಂದಿನ ಸಾಲಿನಿಂದ ಒಬ್ಬಳು ಎದ್ದಳು. "ಆ ಒಂದು ತಿಂದ್ಬಿಡ್ರಿ ಮಿಸ್, ಸರಿ ಹೋಗ್ತೈತೆ." ಕಣ್ಣು ಬಿಟ್ಟು ನೋಡುವಷ್ಟರಲ್ಲಿ ಅವಳೇ ತಿಂದಾಗಿತ್ತು.

ಅದೇ ವರ್ಷ ತಪಾಸಣೆಗೆ ಬಂದ ಸಾಹೇಬರೊಬ್ಬರು ತರಗತಿಯ ನಡುವೆ ನಿಂತು ನನ್ನನ್ನೇ ಕೇಳಿದರು: "ಮೇಡಂ, ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ ಯಾವುದು?" ಅತಿ ದೊಡ್ಡದು ಅಂತ ಒಂದು ಇಲ್ಲ ಸರ್, ಎಷ್ಟೇ ದೊಡ್ಡದು ಹೇಳಿದರೂ ಅದಕ್ಕಿಂತ ದೊಡ್ಡದು ಇದ್ದೇ ಇರುತ್ತದೆ, ಪ್ರೂಫ್ ಇದೆ ಎಂದು ಹಲಗೆಯ ತುಂಬ ಬರೆದು ತೋರಿಸಿದೆ. ಅವರು ಪೂರ್ತಿ ಕೇಳಿ, ತಲೆಯಾಡಿಸಿ, ತಪಾಸಣಾ ವರದಿಯಲ್ಲಿ ಹೀಗೆ ಬರೆದರು: "ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ ಯಾವುದೆಂದು ಶಿಕ್ಷಕಿಗೆ ತಿಳಿದಿಲ್ಲ." ಎರಡು ಸಾವಿರ ವರ್ಷದಿಂದ ಭೂಮಿಯ ಮೇಲೆ ಯಾರಿಗೂ ತಿಳಿದಿಲ್ಲ. ಆದರೆ ಕೆಂಪು ಇಂಕಿನ ಟಿಪ್ಪಣಿ ಬಂದದ್ದು ನನ್ನೊಬ್ಬಳಿಗೇ. ಅಂದೇ ಮನಸ್ಸಿನಲ್ಲಿ ಅಂದುಕೊಂಡೆ, ಮುಂದೆ ಯಾವನಾದರೂ ಸಾಹೇಬ ಬಂದು ಕೇಳಿದರೆ ಅವನ ಮುಖಕ್ಕೆ ಹಿಡಿಯಲು ಒಂದು ದೊಡ್ಡ ಪ್ರೈಮ್ ಕೈಯಲ್ಲಿ ಇಟ್ಟುಕೊಂಡಿರಬೇಕು. ಹುಡುಗಿಯರೇ, ಮೇಲಿನವರ ಮೆಚ್ಚುಗೆಗಾಗಿ ಹುಟ್ಟಿದ ಯಾವ ಆಸೆಯಿಂದಲೂ ಗಣಿತಕ್ಕೆ ಒಳ್ಳೆಯದಾಗಿಲ್ಲ. ಇದನ್ನು ಅಂಡರ್‌ಲೈನ್ ಮಾಡಿಕೊಳ್ಳಿ.

ಆಮೇಲೆ ಮೊಳಕಾಲ್ಮೂರಿಗೆ ವರ್ಗ. ಆಮೇಲೆ ಆ ಗೋಡೆ. ಗೋಡೆಯಾಚೆ ಓಬಳಮ್ಮ.

ಓಬಳಮ್ಮ ನಮ್ಮ ಕ್ರಾಫ್ಟ್ ಟೀಚರ್. ನೇಕಾರರ ಮನೆಯ ಹೆಣ್ಣುಮಗಳು, ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವರು. ಕನ್ನಡದಲ್ಲಿ ಮಾತು, ತೆಲುಗಿನಲ್ಲಿ ಲೆಕ್ಕ. ಬೈಗುಳ ಯಾವ ಭಾಷೆಯಲ್ಲಿ ಎನ್ನುವುದು ಎಳೆ ಎಷ್ಟು ಸಿಕ್ಕಾಗಿದೆ ಎನ್ನುವುದರ ಮೇಲೆ. ಅವರ ಕೋಣೆಯಲ್ಲಿ ಒಂದೇ ಒಂದು ಕೈಮಗ್ಗ. ನಾನು ಬಂದ ಮೊದಲ ವಾರವೇ ಹೋಗಿ ಕೇಳಿದೆ.

"ಓಬಳಮ್ಮ, ನನ್ನ ಪೀರಿಯಡ್‌ನಲ್ಲಿ ಸ್ವಲ್ಪ ಸೈಲೆಂಟಾಗಿ ನೇಯೋಕೆ ಆಗಲ್ವಾ?"

ಅವರು ಲಾಳಿ ಹಿಡಿದ ಕೈ ಹಾಗೇ ನಿಲ್ಲಿಸಿ ನನ್ನನ್ನು ನೋಡಿದರು. "ಆಗ್ತೈತೆ ಮೇಡಮ್ನೋರೆ. ನೀವು ಸೀಮೆಸುಣ್ಣ ಇಲ್ದಂಗೆ ಬರೀರಿ, ನಾನು ಸದ್ದಿಲ್ದಂಗೆ ನೇಯ್ತೀನಿ."

ನಮ್ಮ ಸ್ನೇಹ ಅಲ್ಲಿಂದ ಶುರುವಾಗಲಿಲ್ಲ. ಅಲ್ಲಿಂದ ಶುರುವಾದದ್ದು ಜಗಳ.

ಒಂದು ಮಾತು ಮಾತ್ರ ಒಪ್ಪಲೇಬೇಕು. ನನ್ನ ಹುಡುಗಿಯರಿಗೆ ಅಪವರ್ತನ ಬರುತ್ತಿದ್ದದ್ದು ನನ್ನಿಂದಲ್ಲ. ಮಗ್ಗದ ಉದ್ದಕ್ಕೂ ಬಿಗಿದ ಹಾಸಿನಲ್ಲಿ ಇಷ್ಟು ಎಳೆ ಇದೆ, ಹೂವಿನ ಬುಟ್ಟಾಗೆ ಇಷ್ಟೆಳೆ ಬೇಕು, ಅಂಚು ಕಳೆದು ಉಳಿದದ್ದರಲ್ಲಿ ಎಷ್ಟು ಹೂವು ಸಮವಾಗಿ ಕೂರುತ್ತವೆ ಎಂಬ ಲೆಕ್ಕವನ್ನು ಅವರು ಗೋಡೆಯಾಚೆ ಬೆರಳಲ್ಲೇ ಮಾಡಿ ಬರುತ್ತಿದ್ದರು. ಕೂರದಿದ್ದರೆ ಬುಟ್ಟಾ ಅರ್ಧಕ್ಕೆ ತುಂಡಾಗಿ ಅಂಚಿಗೆ ಬಡಿಯುತ್ತದೆ, ಓಬಳಮ್ಮನ ಕೈ ಬೆನ್ನಿಗೆ ಬಡಿಯುತ್ತದೆ. ಆದ್ದರಿಂದ ಎಂಬತ್ತೊಂದು ಎಂದರೆ ನನ್ನ ಹುಡುಗಿಯರು ಮಗ್ಗಿ ನೆನೆಯುತ್ತಿರಲಿಲ್ಲ. "ಒಂಬತ್ತು ಒಂಬತ್ತರ ಚೌಕ, ಚಿಕ್ಕ ಹೂವು" ಎನ್ನುತ್ತಿದ್ದರು. ವರ್ಷದ ಕೊನೆಗೆ ಗಣಿತದ ರಿಸಲ್ಟ್ ಚೆನ್ನಾಗಿದೆ ಎಂದು ಶಹಬ್ಬಾಸ್ ಸಿಗುತ್ತಿದ್ದದ್ದು ನನಗೆ. ನಾನೂ ವಿನಯದಿಂದ ಸ್ವೀಕರಿಸುತ್ತಿದ್ದೆ. ಕಾನ್ವೆಂಟಿನಲ್ಲಿ ವಿನಯ ಚೆನ್ನಾಗಿ ಕಲಿಸುತ್ತಾರೆ.

ಹೀಗಿರುವಾಗ 'ಗಣಿತ ಪ್ರಯೋಗಾಲಯ' ಬಂತು. ಬಂತು ಎಂದರೆ ನಾಲ್ಕು ರಟ್ಟಿನ ಪೆಟ್ಟಿಗೆ ಬಂದವು. ಪ್ಲಾಸ್ಟಿಕ್ ಶಂಕು, ಪ್ಲಾಸ್ಟಿಕ್ ಸಿಲಿಂಡರು, ಮಕ್ಕಳು ಮುಟ್ಟಬಾರದ ಮರದ ಅಬ್ಯಾಕಸ್. ಇಡಲು ಕೋಣೆ ಬೇಕು. ನಮ್ಮ ಹೆಡ್‌ಮಾಸ್ಟರು ನನ್ನನ್ನು ಕರೆದು, "ಮೇಡಂ, ಆ ಮಗ್ಗದ ರೂಮು ಖಾಲಿ ಮಾಡಿಸೋಣ ಅಂತಿದೀನಿ. ಒಂದು ರೀಸನ್ ಬೇಕು, ರೈಟಿಂಗ್‌ನಲ್ಲಿ" ಎಂದರು. ನಾನು ಅಲ್ಲೇ ಕುಳಿತು, ಸಿಸ್ಟರ್ ಆಗ್ನೆಸ್ ತಿದ್ದಿಸಿದ ಮುದ್ದಾದ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ ಒಂದು ವಾಕ್ಯ ಬರೆದುಕೊಟ್ಟೆ. ಮಗ್ಗದ ಸದ್ದಿನಿಂದ ಗಣಿತದ ಬೋಧನೆಗೆ ಅಡಚಣೆಯಾಗುತ್ತಿದೆ. ಗ್ರಾಮರ್ ಮಿಸ್ಟೇಕ್ ಒಂದೂ ಇರಲಿಲ್ಲ.

ಆಗ ಮಗ್ಗದ ಮೇಲೆ ಒಂದು ಸೀರೆ ಇತ್ತು. ಒಂಬತ್ತನೇ ತರಗತಿಯಲ್ಲಿ ಇಪ್ಪತ್ತನಾಲ್ಕು ಹುಡುಗಿಯರು. ಸೀರೆ ಇಪ್ಪತ್ತನಾಲ್ಕು ಗೇಣು ಉದ್ದ. ತಲಾ ಒಂದು ಗೇಣು ನೇಯಬೇಕು, ಅದರಲ್ಲಿ ತನಗೆ ಬೇಕಾದ ಬುಟ್ಟಾ ಹಾಕಬೇಕು ಎಂದು ಓಬಳಮ್ಮನ ಕಟ್ಟಳೆ. ಹತ್ತಿಯ ಹಾಸು, ಎರಡೂ ಅಂಚಿಗೆ ರೇಷ್ಮೆ. ಹದಿನೆಂಟು ಹುಡುಗಿಯರದು ಮುಗಿದಿತ್ತು. ಆರು ಜನರದು ಬಾಕಿ, ಸೆರಗೂ ಅವರ ಪಾಲಿಗೇ. ಮಗ್ಗ ಬಿಚ್ಚಿದರೆ ಹಾಸು ಕತ್ತರಿಸಬೇಕು. ಕತ್ತರಿಸಿದ ಹಾಸನ್ನು ಮತ್ತೆ ಅಲ್ಲಿಂದಲೇ ಮುಂದುವರಿಸುವ ಹಾಗಿಲ್ಲ. ಓಬಳಮ್ಮ ಹೆಡ್‌ಮಾಸ್ಟರ ಬಳಿ ಕೇಳಿದ್ದು ಹತ್ತೇ ದಿನ.

"ಹತ್ತು ದಿನ ಎಲ್ಲಿಂದ ತರಲಿ ಓಬಳಮ್ಮೋರೆ? ಸೋಮವಾರ ದೊಡ್ಡ ಸಾಹೇಬ್ರು ಉದ್ಘಾಟನೆಗೆ ಬರ್ತಾರೆ. ಅವರು ತಪ್ಪಿದ್ರೆ ಇನ್ನು ಮುಂದಿನ ತಿಂಗಳೇ."

ಮಗ್ಗ ಹೋದ ಮೇಲೆ ಕ್ರಾಫ್ಟ್ ಟೀಚರು 'ಹೆಚ್ಚುವರಿ'. ಎಲ್ಲಿಗೆ ಎತ್ತಿ ಹಾಕುತ್ತಾರೋ ದೇವರಿಗೇ ಗೊತ್ತು. ಅದರ ಬಗ್ಗೆ ಅವರು ಒಂದು ಮಾತೂ ಎತ್ತಲಿಲ್ಲ. ಆ ಆರು ಗೇಣಿನದೊಂದೇ ಮಾತು.

ಇನ್ನು ಸಂಖ್ಯೆ. ಪ್ರಯೋಗಾಲಯದ ಹೊರಗೋಡೆಯ ಮೇಲೆ ಏನಾದರೂ 'ಗ್ರ್ಯಾಂಡ್' ಆಗಿ ಬರೆಸಬೇಕೆಂದು ಹೆಡ್‌ಮಾಸ್ಟರ ಆಸೆ. ನನಗೋ ಚಳ್ಳಕೆರೆಯ ಕೆಂಪು ಇಂಕು ಇನ್ನೂ ಆರಿರಲಿಲ್ಲ. "ಒಂದು ದೊಡ್ಡ ಅವಿಭಾಜ್ಯ ಸಂಖ್ಯೆ ಬರೆಸೋಣ ಸರ್" ಎಂದೆ.

"ಫಸ್ಟ್ ಕ್ಲಾಸ್! ಜಟಿಂಗ ರಾಮೇಶ್ವರದ ಬಂಡೆ ಮೇಲಿನ ಶಾಸನ ಇದೆಯಲ್ಲ, ಹಾಗೆ ನಿಲ್ಲಬೇಕು. ಆರು ಅಂಕಿ ಇರಲಿ. ಎಲ್ಲಾ ಒಂಬತ್ತೇ ಇರಲಿ ಮೇಡಂ, ಒಂಬತ್ತು ನನ್ನ ಲಕ್ಕಿ ನಂಬರು."

"ಎಲ್ಲಾ ಒಂಬತ್ತಾದ್ರೆ ಒಂಬತ್ತರಿಂದಲೇ ಭಾಗ ಹೋಗುತ್ತೆ ಸರ್."

"ಹಾಗಿದ್ರೆ ಒಂದು ಒಂಬತ್ತು ಬದಲಾಯಿಸಿ. ಅದಕ್ಕೇನಂತೆ!"

ಹತ್ತರ ಸ್ಥಾನದಲ್ಲಿ ಒಂದು ಹಾಕಿದೆ. 9,99,919. ಎರಡು, ಮೂರು, ಏಳು, ಹನ್ನೊಂದು, ಹದಿಮೂರು, ಯಾವುದಕ್ಕೂ ಬಗ್ಗಲಿಲ್ಲ. ಈಗಿನವರು ಫೋನಿನಲ್ಲಿ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಆಗಿನ ಫೋನು ಮಿಸ್ಡ್ ಕಾಲ್ ಕೊಡಲಷ್ಟೇ ಲಾಯಕ್ಕು. ಶಾಲೆಯ ಒಂದೇ ಕಂಪ್ಯೂಟರು ಹೂವಿನ ಕವರು ಹೊದ್ದು ಮಲಗಿತ್ತು, ಕವರು ತೆಗೆದರೆ ಧೂಳು ಕೂರುತ್ತದೆ ಎಂದು ತೆಗೆಯುತ್ತಿರಲಿಲ್ಲ. ಕ್ಯಾಲ್ಕುಲೇಟರು ಮುಟ್ಟುವುದು ನನಗೆ ಅವಮಾನ. ಕೈಯಲ್ಲೇ ಮಾಡಿದೆ.

ಒಂದು ಸಂಖ್ಯೆ ಎರಡು ತುಂಡಾಗುವುದಾದರೆ ಚಿಕ್ಕ ತುಂಡು ಅದರ ವರ್ಗಮೂಲವನ್ನು ದಾಟುವಂತಿಲ್ಲ. ಇಲ್ಲಿ ವರ್ಗಮೂಲ ಸಾವಿರಕ್ಕೆ ಒಂದು ಕೂದಲೆಳೆ ಕಮ್ಮಿ. ಆದ್ದರಿಂದ ಸಾವಿರದೊಳಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಮುಗಿಯಿತು. ಒಟ್ಟು ನೂರ ಅರವತ್ತೆಂಟು ಭಾಗಾಕಾರ. ದಿನಾ ಸಂಜೆ ಕಾಫಿಯ ಜೊತೆ ಹತ್ತು ಹನ್ನೆರಡು ಮಾಡಿದೆ. ಶೇಷ, ಶೇಷ, ಪ್ರತಿ ಸಲವೂ ಶೇಷ. ನನ್ನ ಎದೆ ಉಬ್ಬುತ್ತಾ ಹೋಯಿತು. 877ರಿಂದ ಭಾಗಿಸಿದ್ದು ನೂರ ಐವತ್ತೊಂದನೆಯದು. ಅಷ್ಟರಲ್ಲಿ ಪೇಂಟರು ಬಂದು ಗೇಟಿನ ಬಳಿ ಬೀಡಿ ಹಚ್ಚಿ ಕುಳಿತಿದ್ದ, ಹೆಡ್‌ಮಾಸ್ಟರು ಎರಡು ಸಲ ಹೇಳಿ ಕಳಿಸಿದ್ದರು. ನೂರ ಐವತ್ತೊಂದಕ್ಕೆ ಬಗ್ಗದ್ದು ಇನ್ನು ಹದಿನೇಳಕ್ಕೆ ಬಗ್ಗುತ್ತದೆಯೇ? ನೋಟ್‌ಬುಕ್ ಮುಚ್ಚಿದೆ. ನನ್ನ ವೃತ್ತಿಯ ಅತ್ಯಂತ ದೊಡ್ಡ ಬ್ಲಂಡರು ಆ ನೋಟ್‌ಬುಕ್ ಮುಚ್ಚಿದ ಸದ್ದು. ಮಗ್ಗದ ಸದ್ದಿನ ಮುಂದೆ ಅದು ಏನೂ ಅಲ್ಲ, ಯಾರಿಗೂ ಅಡಚಣೆಯಾಗಲಿಲ್ಲ.

ಗುರುವಾರ ಪೇಂಟರು ಒಂದೊಂದು ಅಡಿ ಎತ್ತರದ ಅಂಕಿಗಳನ್ನು ನೀಲಿ ಬಣ್ಣದಲ್ಲಿ ಬರೆದ. ಬರೆದು ಮುಗಿಸಿ, ದೂರ ನಿಂತು ನೋಡಿ, "ಯಾರ ಫೋನ್ ನಂಬರ್ ಮೇಡಂ ಇದು? ಊರಿನ ಕೋಡ್ ಬರೀಲಿಲ್ವಲ್ಲ" ಎಂದ. ಕೆಳಗೆ 'ಇದು ಅವಿಭಾಜ್ಯ ಸಂಖ್ಯೆ' ಎಂದು ಬರೆಸಿದೆ. ಒಳಗೆ ಇನ್ನೂ ಲಟಕ್, ಟಕ್. ಮಗ್ಗ ಬಿಚ್ಚಲು ಭಾನುವಾರ ಬಡಗಿ ಬರುವುದೆಂದು ಗೊತ್ತಾಗಿತ್ತು. ಊಟದ ಬಿಡುವಿನಲ್ಲೂ ನೇಯುತ್ತಿದ್ದರು.

ಶುಕ್ರವಾರ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ನಾನೊಬ್ಬಳೇ ಇದ್ದೆ. ಓಬಳಮ್ಮ ಬಂದರು. ಕೈಯಲ್ಲಿ ಬುಟ್ಟಾ ಬರೆಯುವ ಗ್ರಾಫ್ ಹಾಳೆ, ಕತ್ತರಿ.

"ಮೇಡಮ್ನೋರೆ, ಗೋಡೆ ಮೇಲಿನ ನಂಬರು ಒಡೀತೈತೆ."

"ಏನು?"

"ಒಡೀತೈತೆ ಅಂದೆ. ಅದು ಹತ್ತು ಲಕ್ಷಕ್ಕೆ ಎಂಬತ್ತೊಂದು ಕಮ್ಮಿ, ಅಲ್ವಾ?"

"ಹೌದು. ಸೋ ವಾಟ್?"

"ಹತ್ತು ಲಕ್ಷ ಅಂದ್ರೆ ಸಾವಿರ ಮನೆ ಉದ್ದ, ಸಾವಿರ ಮನೆ ಅಗಲ. ಒಂದು ದೊಡ್ಡ ಚೌಕ. ಎಂಬತ್ತೊಂದು ಅಂದ್ರೆ ಒಂಬತ್ತೊಂಬತ್ಲೆ, ಚಿಕ್ಕ ಚೌಕ. ದೊಡ್ಡದರ ಮೂಲೇಲಿ ಚಿಕ್ಕದು ಹರಿದು ಹೋಗೈತೆ, ಅಷ್ಟೇ. ಅಂಥಾ ಹರುಕು ದಿನಾ ನೋಡ್ತೀನಿ ನಾನು. ಇಲ್ಲಿ ನೋಡ್ರಿ."

ಅವರು ಹಾಳೆಯಲ್ಲಿ ಹತ್ತು ಮನೆ ಉದ್ದ ಹತ್ತು ಮನೆ ಅಗಲದ ಚೌಕ ಕತ್ತರಿಸಿದರು. ಅದರ ಮೂಲೆಯಿಂದ ಮೂರು ಮೂರರ ಚಿಕ್ಕ ಚೌಕ ತೆಗೆದರು. "ನೂರರಲ್ಲಿ ಒಂಬತ್ತು ಹೋಯ್ತು. ತೊಂಬತ್ತೊಂದು. ಇದೂ ನಿಮ್ಮ ಕಣ್ಣಿಗೆ ಒಡೀದಂಗೇ ಕಾಣ್ತೈತೆ." ಆಮೇಲೆ, ಮೂಲೆ ಹೋದ ಕಡೆಯ ಮೂರು ಸಾಲಿನ ಪಟ್ಟಿಯನ್ನು ನೇರವಾಗಿ ಕತ್ತರಿಸಿ ಬೇರೆ ಮಾಡಿದರು. ಅದು ಏಳು ಮನೆ ಉದ್ದದ ಪಟ್ಟಿ. ಉಳಿದದ್ದು ಏಳು ಸಾಲು, ಸಾಲಿಗೆ ಹತ್ತು ಮನೆ. ಪಟ್ಟಿಯನ್ನು ತಿರುಗಿಸಿ ಪಕ್ಕಕ್ಕೆ ಇಟ್ಟರು. ಸರಿಯಾಗಿ ಕೂತಿತು. ಏಳು ಸಾಲು, ಸಾಲಿಗೆ ಹದಿಮೂರು. ಎಲ್ಲೂ ಹರುಕಿಲ್ಲ.

"ಅಗಲ ಮೂರು ಕಮ್ಮಿ ಆಯ್ತು, ಉದ್ದ ಮೂರು ಜಾಸ್ತಿ ಆಯ್ತು. ಏಳು ಹದಿಮೂರ್ಲೆ ತೊಂಬತ್ತೊಂದು. ನಿಮ್ಮದರಲ್ಲಿ ಮೂರರ ಬದ್ಲು ಒಂಬತ್ತು. ಸಾವಿರಕ್ಕೆ ಒಂಬತ್ತು ಕಮ್ಮಿ, ಸಾವಿರಕ್ಕೆ ಒಂಬತ್ತು ಜಾಸ್ತಿ. ಗುಣಿಸಿ ನೋಡ್ರಿ."

ನಾನು ಗುಣಿಸಿದೆ. 991 ಗುಣಿಸು 1009. ನನ್ನ ಕೈಬರಹ ಆ ದಿನವೂ ಮುದ್ದಾಗಿಯೇ ಇತ್ತು. 9,99,919.

991. ನಾನು ಮಾಡದೆ ಬಿಟ್ಟ ಹದಿನೇಳರಲ್ಲಿ ಹದಿನಾರನೆಯದು. ಎ ಸ್ಕ್ವೇರ್ ಮೈನಸ್ ಬಿ ಸ್ಕ್ವೇರ್ ಎಂಬ ಸೂತ್ರವನ್ನು ನಾನು ಅದೇ ಗೋಡೆಯ ಈಚೆ ಪ್ರತಿ ವರ್ಷ ಕೂಗಿ ಕೂಗಿ ಹೇಳಿಕೊಟ್ಟಿದ್ದೆ. ಮಗ್ಗದ ಸದ್ದನ್ನು ಮೀರಬೇಕಲ್ಲ, ಅದಕ್ಕೇ ಕೂಗುತ್ತಿದ್ದೆ. ಕೇಳಿಸಿಕೊಂಡವರು ಆಚೆ ಇದ್ದರು. ಕೂಗಿದವಳಿಗೆ ಮಾತ್ರ ಕೇಳಿಸಿರಲಿಲ್ಲ.

ಓಬಳಮ್ಮ ಕುರ್ಚಿಯ ತುದಿಯಲ್ಲಿ ಕುಳಿತರು. "ನಾನ್ ಹೋಗಿ ಹೇಳಿದ್ರೆ ಮಗ್ಗ ಉಳಿಸ್ಕಳಾಕೆ ಸುಳ್ಳು ಹೇಳ್ತಾಳೆ ಅಂತಾರೆ. ನೀವು ಹೇಳ್ರಿ. ನಂಬರು ತಪ್ಪೈತೆ, ಅಳಿಸಿ ಬೇರೆ ಬರೆಸ್ಬೇಕು, ಫಂಕ್ಷನ್ನು ಮುಂದಕ್ಕೆ ಹಾಕ್ರಿ ಅಂತ. ಮುಂದಕ್ಕೆ ಹೋದ್ರೆ ಆ ಆರು ಹುಡ್ಗೇರದು ಮುಗೀತೈತೆ. ಆಮೇಲೆ ಮಗ್ಗ ನಾನೇ ಬಿಚ್ಚಿ ಕೊಡ್ತೀನಿ. ನಿಮ್ಮ ಪಾಠಕ್ಕೂ ಅಡಚಣೆ ಇರಲ್ಲ." ಆ ಕೊನೆಯ ಮಾತನ್ನು ಅವರು ನನ್ನ ಮುಖ ನೋಡದೆ ಹೇಳಿದರು. ಇಂಗ್ಲಿಷಿನ ಆ ವಾಕ್ಯವನ್ನು ಯಾರೋ ಅವರಿಗೆ ಕನ್ನಡದಲ್ಲಿ ಓದಿ ಹೇಳಿದ್ದರು.

"ನೋಡ್ತೀನಿ" ಎಂದೆ.

ಸಂಜೆಯವರೆಗೆ ನೋಡಿದೆ. ಅಂದರೆ ಕಿಟಕಿಯಾಚೆ ನೋಡುತ್ತಾ ಕುಳಿತೆ. ಓಬಳಮ್ಮ ಕಾದು, ಕೊನೆಗೆ ತಾವೇ ಹೋಗಿ ಹೇಳಿದರು. ನನಗೆ ಕರೆ ಬಂತು. ಹೆಡ್‌ಮಾಸ್ಟರ ಮೇಜಿನ ಮೇಲೆ ಕತ್ತರಿಸಿದ ಹಾಳೆ, ಅದರ ಮೇಲೆ ಪೇಪರ್‌ವೇಟು.

"ಏನ್ ಮೇಡಂ ಇದು? ಇನ್ವಿಟೇಶನ್ ಹಂಚಿ ಆಗಿದೆ, ಶಾಮಿಯಾನಾಕ್ಕೆ ಹೇಳಿ ಆಗಿದೆ. ಓಬಳಮ್ಮೋರು ಕಾಗದ ಕತ್ತರಿಸ್ಕೊಂಡು ಬಂದು ಮ್ಯಾಥ್ಸ್ ಹೇಳ್ತಾ ಇದಾರೆ. ನನಗೆ ಇವೆಲ್ಲ ಅರ್ಥ ಆಗಲ್ಲ. ನೀವು ಸಬ್ಜೆಕ್ಟ್ ಟೀಚರು. ನಂಬರು ಸರಿ ಇದೆಯೋ ಇಲ್ಲವೋ? ಎಸ್ ಆರ್ ನೋ?"

ಇಲ್ಲ ಎನ್ನಲು ಎಷ್ಟು ಹೊತ್ತು ಬೇಕು? ನನಗೆ ಕಾಣಿಸಿದ್ದು ಕೆಂಪು ಇಂಕು, ಒಂದು ಅಡಿ ಎತ್ತರದ ನೀಲಿ ಅಂಕಿಗಳು, ಅವುಗಳ ಮೇಲೆ ಸುಣ್ಣ ಬಳಿಯುತ್ತಿರುವ ಪೇಂಟರು, ಕ್ರಾಫ್ಟ್ ಟೀಚರು ತಿದ್ದಿದ ಗಣಿತದ ಮೇಡಂ ಎಂದು ಊರೆಲ್ಲ ನಗುವುದು.

"ಸರ್," ಎಂದೆ, "ಐ ಹ್ಯಾವ್ ಚೆಕ್ಡ್ ಇಟ್ ಮೈಸೆಲ್ಫ್."

ನೋಡಿ, ಸುಳ್ಳಲ್ಲ. ಚೆಕ್ ಮಾಡಿದ್ದೆನಲ್ಲ. ಒಳ್ಳೆಯ ಇಂಗ್ಲಿಷಿನ ದೊಡ್ಡ ಉಪಯೋಗ ಇದೇ, ಸುಳ್ಳು ಹೇಳದೆ ಸುಳ್ಳು ಹೇಳಬಹುದು.

ಓಬಳಮ್ಮ ನನ್ನನ್ನು ನೋಡಿದರು. ಎಳೆ ತಪ್ಪಿದ ಹುಡುಗಿಯನ್ನು ನೋಡುವ ನೋಟವನ್ನು ನಾನು ನಿರೀಕ್ಷಿಸಿದ್ದೆ. ಅದಾಗಿರಲಿಲ್ಲ. "ಸರಿ ಬಿಡ್ರಿ ಸಾರ್," ಎಂದರು, "ನಾನೇ ಎಣಿಸಿದ್ದು ತಪ್ಪಿರ್ಬೇಕು." ಪೇಪರ್‌ವೇಟು ಎತ್ತಿ ಪಕ್ಕಕ್ಕಿಟ್ಟು, ಆ ಎರಡು ತುಂಡುಗಳನ್ನು ಮಡಿಸಿಕೊಂಡು ಹೋದರು.

ಭಾನುವಾರ ನಾನು ಶಾಲೆಗೆ ಹೋಗಲಿಲ್ಲ. ಹಾಸನ್ನು ಬಡಗಿ ಕತ್ತರಿಸಲು ಹೋದಾಗ ಓಬಳಮ್ಮ ಕತ್ತರಿ ಕಸಿದುಕೊಂಡು ತಾವೇ ಕತ್ತರಿಸಿದರಂತೆ. ಆರು ಹುಡುಗಿಯರೂ ಬಂದು ನಿಂತಿದ್ದರಂತೆ. ಹೀಗೆ ಎಲ್ಲವೂ ನನಗೆ 'ಅಂತೆ'ಯಲ್ಲೇ ಗೊತ್ತು.

ಸೋಮವಾರದ ಉದ್ಘಾಟನೆಯನ್ನು ವರ್ಣಿಸದಿದ್ದರೆ ಅನ್ಯಾಯ. ಸಾಹೇಬರು ರಿಬ್ಬನ್ ಕತ್ತರಿಸಿದರು. ಶಂಕುವನ್ನು ಕೈಯಲ್ಲಿ ಹಿಡಿದು "ಇದರಲ್ಲಿ ಐಸ್‌ಕ್ರೀಮ್ ಹಾಕಬಹುದು" ಎಂದರು, ಎಲ್ಲರೂ ನಕ್ಕೆವು. ಗೋಡೆಯ ಮುಂದೆ ನಿಂತು ಅಂಕಿಗಳನ್ನು ಒಂದೊಂದಾಗಿ ಓದಿ, "ಇದೇ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆಯೋ?" ಎಂದು ಕೇಳಿದರು. ಹೆಡ್‌ಮಾಸ್ಟರು ಎದೆ ಸೆಟೆಸಿ, "ಹೌದು ಸಾರ್. ನಮ್ಮ ತಾಲ್ಲೂಕಿನಲ್ಲಿ ಇದೇ" ಎಂದರು. ಸಾಹೇಬರು ಶಹಬ್ಬಾಸ್ ಎಂದರು. ನನಗೂ ಒಂದು ಶಾಲು ಬಂತು. ಮೊದಲೇ ಹೇಳಿದೆನಲ್ಲ, ಬೀರುವಿನಲ್ಲಿದೆ.

ಮರುದಿನ ತರಗತಿಗೆ ಹೋಗಿ "ಲೆಟ್ ಎಕ್ಸ್ ಬಿ" ಎಂದೆ. ಗೋಡೆಯಾಚೆಯಿಂದ ಏನೂ ಇಲ್ಲ. ಹುಡುಗಿಯರು ಗೋಡೆಯ ಕಡೆ ನೋಡಿದರು. ನನ್ನ ದನಿ ನನಗೇ ಕೇಳಿಸಿತು. ಬಹಳ ದೊಡ್ಡದಾಗಿತ್ತು.

ಓಬಳಮ್ಮನನ್ನು ಚಳ್ಳಕೆರೆಯ ಒಂದು ಶಾಲೆಗೆ ಹಾಕಿದರು. ಅಲ್ಲಿ ಮಗ್ಗವಿರಲಿಲ್ಲ. ಪುಸ್ತಕದ ಬೀರುವಿನ ಬೀಗದಕೈ, ಬಿಸಿಯೂಟದ ತಟ್ಟೆಗಳ ಎಣಿಕೆ ಅವರ ಪಾಲಿಗೆ ಬಂತು. ಇಲ್ಲಿ ಪ್ರಯೋಗಾಲಯಕ್ಕೆ ಒಂದು ಒಳ್ಳೆಯ ಬೀಗ ಬಂತು. ಶಂಕು ಸಿಲಿಂಡರುಗಳು ಅವುಗಳ ಪಾಡಿಗೆ ಹಳದಿಯಾದವು. ಕಪ್ಪುಹಲಗೆ ಹೋಗಿ ಹಸಿರು ಹಲಗೆ ಬಂತು, ಅದು ಹೋಗಿ ಬಿಳಿಯದು ಬಂತು, ಆಮೇಲೆ ಮುಟ್ಟಿದರೆ ಮಾತಾಡುವ ಸ್ಮಾರ್ಟ್ ಬೋರ್ಡು ಬಂತು, ಕರೆಂಟು ಮಾತ್ರ ಹಳೆಯದೇ. ಪ್ರತಿ ಹೊಸ ವಿಧಾನದ ತರಬೇತಿಗೂ ನಾನು ಹೋದೆ, ಪ್ರತಿ ತರಬೇತಿಯಲ್ಲೂ ಮಕ್ಕಳು ಕೈಯಿಂದ ಮಾಡಿ ಕಲಿಯಬೇಕು ಎಂದರು. ನಾನು ನೋಟ್ಸ್ ಮಾಡಿಕೊಂಡೆ.

ಪ್ರತಿ ವರ್ಷ ಹೊಸ ಹುಡುಗಿಯರು ಬರುತ್ತಿದ್ದರು, ಗೋಡೆ ನೋಡಿ ಸಂಖ್ಯೆಯನ್ನು ಬಾಯಿಪಾಠ ಮಾಡುತ್ತಿದ್ದರು. ಪರೀಕ್ಷೆಯಲ್ಲಿ 'ಅವಿಭಾಜ್ಯ ಸಂಖ್ಯೆಗೆ ಉದಾಹರಣೆ ಕೊಡಿ' ಎಂದರೆ ಅದನ್ನೇ ಬರೆಯುತ್ತಿದ್ದರು. ನಾನು ಅದಕ್ಕೆ ರೈಟ್ ಹಾಕುತ್ತಿದ್ದೆ. ಹಾಕದೆ ಏನು ಮಾಡಲಿ?

ನಿವೃತ್ತಿಗೆ ಒಂದು ವರ್ಷ ಇದ್ದಾಗ ಹತ್ತನೇ ತರಗತಿಯ ಒಬ್ಬ ಹುಡುಗಿ, ಮೊದಲ ಬೆಂಚಿನವಳು, ನೆಟ್ಟಗೆ ನನ್ನ ಬಳಿ ಬಂದಳು.

"ಮಿಸ್, ಗೋಡೆ ನಂಬರು ಪ್ರೈಮ್ ಅಲ್ಲ. ಅಪ್ಪನ ಫೋನಲ್ಲಿ ಹಾಕಿ ನೋಡ್ದೆ. ಒಂದೇ ಸೆಕೆಂಡಿಗೆ ಒಡ್ದಾಕ್ತು."

"ಗೊತ್ತು" ಎಂದೆ. ಬಾಯಿಂದ ಬಂದುಬಿಟ್ಟಿತು.

ಅವಳು ಕಣ್ಣು ಅಗಲ ಮಾಡಿದಳು. "ಗೊತ್ತಾ? ಗೊತ್ತಿದ್ದೂ ಯಾಕ್ ಮಿಸ್ ಬಿಟ್ರಿ?"

ನೂರ ಅರವತ್ತೆಂಟು ಭಾಗಾಕಾರಕ್ಕಿಂತ ಕಷ್ಟದ ಪ್ರಶ್ನೆ. ಅಂಗಡಿಯಿಂದ ಒಂದು ಡಬ್ಬಿ ನೀಲಿ ಬಣ್ಣ, ಒಂದು ಬ್ರಶ್ಶು ತರಿಸಿದೆ. ಸ್ಟೂಲು ಹತ್ತಿ, ಇಡೀ ಶಾಲೆ ನೋಡುತ್ತಿರುವಾಗ, 'ಇದು ಅವಿಭಾಜ್ಯ ಸಂಖ್ಯೆ' ಎಂಬುದನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿ, ಕೆಳಗೆ ಬರೆದೆ: = 991 × 1009. ಇನ್ನೂ ಕೆಳಗೆ: 'ಇದನ್ನು ಒಡೆದವರು ನಮ್ಮ ನೇಯ್ಗೆಯ ಶಿಕ್ಷಕಿ ಓಬಳಮ್ಮನವರು.' ಅಕ್ಷರ ಮೊದಲ ಸಲ ಸೊಟ್ಟಗೆ ಬಂತು. ಹೊಸ ಹೆಡ್‌ಮಿಸ್ಟ್ರೆಸ್ಸು, "ಯಾರು ಮೇಡಂ ಓಬಳಮ್ಮ?" ಎಂದು ಕೇಳಿದರು. ಕೇಳಿದರಲ್ಲ, ಹೇಳಿದೆ. ಎಲ್ಲವನ್ನೂ, ನನ್ನ ಮುದ್ದು ಅಕ್ಷರದ ವಾಕ್ಯವನ್ನೂ ಸೇರಿಸಿ.

ಅದೇ ತಿಂಗಳು ಒಂದು ಕೆಲಸದ ನೆಪ ಮಾಡಿಕೊಂಡು ಚಳ್ಳಕೆರೆಗೆ ಹೋದೆ. ಕೆಲಸವೇನೂ ಇರಲಿಲ್ಲ, ಅವರನ್ನು ನೋಡಬೇಕಿತ್ತು. ಶಾಲೆಗೆ ಹೋದರೆ ಅವರೂ ನಿವೃತ್ತರಾಗಿ ವರ್ಷಗಳಾಗಿವೆ, ಆದರೆ ಸಂತೆ ದಿನ ಬಸ್ ಸ್ಟ್ಯಾಂಡಿನ ಕಡೆ ಸಿಗುತ್ತಾರೆ ಎಂದರು. ಸಿಕ್ಕರು. ಪ್ರೈವೇಟ್ ಬಸ್ಸುಗಳು ನಿಲ್ಲುವ ಕಡೆ, ಚೀಲ ಪಕ್ಕಕ್ಕಿಟ್ಟುಕೊಂಡು ನಿಂತಿದ್ದರು. ನನ್ನನ್ನು ಗುರುತು ಹಿಡಿಯಲು ಒಂದು ಕ್ಷಣವೂ ಬೇಕಾಗಲಿಲ್ಲ.

"ಏನ್ ಮೇಡಮ್ನೋರೆ, ಕೂದ್ಲೆಲ್ಲ ಸೀಮೆಸುಣ್ಣ ಆಗ್ಬಿಟ್ಟೈತಲ್ಲ!"

ನಾನು ಬಸ್ಸಿನಲ್ಲಿ ತಯಾರು ಮಾಡಿಕೊಂಡು ಬಂದ ಮಾತು ಒಂದೂ ನೆನಪಾಗಲಿಲ್ಲ. "ಓಬಳಮ್ಮ, ನಾನು ತಿದ್ದಿದೆ" ಎಂದೆ.

"ಏನ್ನ?"

"ನಂಬರನ್ನ. ಗೋಡೆ ಮೇಲಿಂದು. ನಿಮ್ಮ ಹೆಸರೂ ಬರೆದಿದ್ದೀನಿ."

"ಅಯ್ಯೋ, ಅದಾ! ಇನ್ನೂ ಬಿದ್ದಿಲ್ವೇನ್ರೀ ಆ ಗೋಡೆ?" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಅವತ್ತು ನೀವು ಎಷ್ಟರ ತಂಕ ಭಾಗಿಸಿದ್ರಿ?" ಎಂದು ಕೇಳಿದರು.

"ಎಂಟುನೂರ ಎಪ್ಪತ್ತೇಳು."

"ಸಮೀಪಕ್ಕೆ ಹೋಗಿದ್ರಿ ಬಿಡ್ರಿ." ಬಸ್ಸು ಬರುವ ಕಡೆ ನೋಡಿದರು. "ಆ ಆರು ಹುಡ್ಗೇರು ಆಮ್ಯಾಲೆ ಮಗ್ಗ ಮುಟ್ಲಿಲ್ಲ. ಅದೊಂದು ನಂಗೆ ಹೋಗಿಲ್ಲ ನೋಡ್ರಿ. ಹೇಳ್ಬಾರ್ದು ಅಂದ್ಕಂಡಿದ್ದೆ."

ಸಾರಿ ಎನ್ನುವ ಇಂಗ್ಲಿಷ್ ಪದ ಬಾಯಿಗೆ ಬಂತು. ನುಂಗಿಕೊಂಡೆ. "ತಪ್ಪಾಯ್ತು ಓಬಳಮ್ಮ" ಎಂದೆ. ಅವರು ಹ್ಞೂಂ ಎಂದರು. ಹೋಗಲಿ ಬಿಡಿ ಎನ್ನಲಿಲ್ಲ. ಅನ್ನಲಿ ಎಂದು ನಾನೂ ಕಾಯಲಿಲ್ಲ.

ಆಗ ಅವರು ಉಟ್ಟಿದ್ದ ಸೀರೆ ಕಣ್ಣಿಗೆ ಬಿತ್ತು. ಹತ್ತಿಯದು, ಒಗೆದು ಒಗೆದು ಮೆತ್ತಗಾದದ್ದು, ಕೆಳಗೆ ರೇಷ್ಮೆಯ ಅಂಚು. ಗೇಣಿಗೊಂದು ತರಹದ ಬುಟ್ಟಾ. ಒಂದು ಕಡೆ ನವಿಲು, ಒಂದು ಕಡೆ ಬಸ್ಸು, ಒಂದು ಕಡೆ ಏನೆಂದು ದೇವರಿಗೇ ಗೊತ್ತು. ಆದರೆ ಸೀರೆ ಮೋಟಾಗಿತ್ತು, ಕಾಲಿನ ಹರಡು ಪೂರ್ತಿ ಕಾಣುತ್ತಿತ್ತು. ಭುಜದ ಮೇಲೆ ಮಾತ್ರ ಉದ್ದದ ಸೆರಗು. ಸೆರಗು ನೇಯ್ದಿರಲೇ ಇಲ್ಲವಲ್ಲ?

ನಾನು ನೋಡುತ್ತಿರುವುದನ್ನು ನೋಡಿ ಅವರೇ ಸೆರಗಿನ ತುದಿ ಹಿಡಿದು ಬಿಡಿಸಿ ತೋರಿಸಿದರು. "ಹದಿನೆಂಟು ಗೇಣಿಗೆ ಉಡಾಕಾಗ್ತೈತಾ? ಅಗಲ ಐದು ಗೇಣಿತ್ತು. ಮ್ಯಾಲಿನ ಅಂಚಿನ ಕಡೆಯಿಂದ ಒಂದು ಗೇಣು ಪಟ್ಟಿ ಉದ್ದಕ್ಕೂ ಕತ್ತರಿಸ್ದೆ. ನಾಲ್ಕು ನಾಲ್ಕು ಗೇಣಿಂದು ನಾಲ್ಕು ತುಂಡು ಮಾಡ್ದೆ, ಎರಡು ಗೇಣು ಉಳೀತು. ತಿರುಗಿಸಿ ಈ ತುದೀಗೆ ಜೋಡಿಸ್ದೆ. ಅಗಲ ಒಂದು ಗೇಣು ಕಮ್ಮಿ ಆಯ್ತು, ಉದ್ದ ನಾಲ್ಕು ಗೇಣು ಜಾಸ್ತಿ ಆಯ್ತು." ತಿರುಗಿಸಿ ಜೋಡಿಸಿದ ನಾಲ್ಕು ತುಂಡುಗಳ ರೇಷ್ಮೆಯಂಚು ಅಡ್ಡಡ್ಡ ನಾಲ್ಕು ಪಟ್ಟೆಯಾಗಿ, ಬೇಕೆಂದೇ ನೇಯ್ದ ಸೆರಗಿನ ಹಾಗೆ ಮಿನುಗುತ್ತಿತ್ತು. ಹೊಲಿಗೆ ಎಲ್ಲಿದೆ ಎಂದು ನಾನು ಬೆರಳಿನಿಂದ ಹುಡುಕಿದೆ. ಕಷ್ಟಪಟ್ಟರೂ ಸಿಗಲಿಲ್ಲ.

ಅಷ್ಟರಲ್ಲಿ ಅವರ ಬಸ್ಸು ಬಂತು. "ಬರ್ತೀನಿ ಮೇಡಮ್ನೋರೆ" ಎಂದು ಚೀಲ ಎತ್ತಿಕೊಂಡು ಜನರ ನಡುವೆ ನುಗ್ಗಿ ಹತ್ತಿದರು. ನಾನು ಅವರನ್ನು ಕಂಡದ್ದು ಅದೇ ಕೊನೆ. ಬಸ್ಸು ಹೊರಟಿತು, ಬಾಗಿಲು ಮುಚ್ಚಿತು. ಆ ನಾಲ್ಕು ಪಟ್ಟೆಯ ಸೆರಗು ಬಾಗಿಲಲ್ಲಿ ಸಿಕ್ಕಿ ಹೊರಗೆ ಗಾಳಿಗೆ ಹಾರುತ್ತಿತ್ತು. ಕಂಡಕ್ಟರು ಒಳಗಿಂದ ಕೂಗುತ್ತಿದ್ದ:

"ಅಮ್ಮೋ, ಸೆರಗು ಹೊರಗೈತೆ ನೋಡ್ರಿ! ಇಷ್ಟುದ್ದ ಯಾಕ್ ಬಿಟ್ಕಂಡಿದೀರಾ, ಒಳಗೆ ಎಳ್ಕಳ್ರಿ!"